ವಯರಿನ ಲೆಕ್ಕ ಮಾಲಕರಿಗೂ ಗೊತ್ತಿರಲಿ

ಎಷ್ಟು ಅಕ್ಕಿಗೆ ಎಷ್ಟು ಉದ್ದು, ಹತ್ತು ಲೀಟರ್ ಹಾಲಿಗೆ ಎಷ್ಟು ಚಹಾ ಎಂಬುದನ್ನು ನಮ್ಮ ಹೋಟೆಲ್ ಮಾಲಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಲ್ಲಾದಲ್ಲಿ ನೂರು ರೂಪಾಯಿ ಹೆಚ್ಚುಕಮ್ಮಿಯಾದರೆ ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಅಡುಗೆಮನೆಯ ಗೋಡೆಯೊಳಗಿನ ವಯರಿನಲ್ಲಿ ಎಷ್ಟು ಆಂಪಿಯರ್ ಕರೆಂಟು ಹರಿಯುತ್ತಿದೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಅದು ವಯರ್‌ಮನ್‌ಗೆ ಗೊತ್ತು." ಈ ಉತ್ತರದ ಬಗ್ಗೆ ನನ್ನ ತಕರಾರಿದೆ.

ಲೆಕ್ಕ ಹತ್ತನೇ ತರಗತಿಯದ್ದು. ನಾನು ಓದಿದ್ದೂ ಅಷ್ಟೇ. ನಮ್ಮಲ್ಲಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರು. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ವಾಟ್, ಭಾಗಿಸಿದರೆ ರೋಧ, ಅಂದರೆ ಓಮ್. ಇಷ್ಟು ನೆನಪಿದ್ದರೆ ಸಾಕು.

ಪಾತ್ರೆ ತೊಳೆಯುವಲ್ಲಿ 3000 ವಾಟಿನ ಗೀಸರ್ ಇದೆ ಎನ್ನಿ. ಅದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 13 ಆಂಪಿಯರ್. 230ನ್ನು ಮತ್ತೆ 13ರಿಂದ ಭಾಗಿಸಿದರೆ ಕಾಯಿಲಿನ ರೋಧ ಸುಮಾರು 17.7 ಓಮ್. ಈ ಓಮ್ ಕಟ್ಟಿಕೊಂಡು ನಮಗೇನು ಎನ್ನಬೇಡಿ. ನೀರು ಬಿಸಿಯಾಗದಿದ್ದಾಗ ರಿಪೇರಿಯವನು ಬಂದು "ಕಾಯಿಲ್ ಹೋಗಿದೆ" ಎನ್ನುತ್ತಾನೆ. ಲೈನ್ ಬಂದ್ ಮಾಡಿಸಿ, ಕಾಯಿಲಿನ ವಯರ್ ಬಿಚ್ಚಿಸಿ, ಅವನ ಮೀಟರನ್ನೇ ಹಚ್ಚಲು ಹೇಳಿ. 17-18 ಓಮ್ ತೋರಿಸಿದರೆ ಕಾಯಿಲ್ ತುಂಡಾಗಿಲ್ಲ, ಮೊದಲು ಥರ್ಮೋಸ್ಟಾಟ್ ನೋಡು ಎಂದು ನೀವೇ ಹೇಳಬಹುದು.

ಬೇಸಿಗೆಯಲ್ಲಿ ವೋಲ್ಟೇಜ್ 200ಕ್ಕೆ ಇಳಿಯಿತು ಎಂದುಕೊಳ್ಳಿ. ಕಾಯಿಲಿನ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕರೆಂಟು 11.3 ಆಂಪಿಯರಿಗೆ ಇಳಿದು, ಪವರ್ 2260 ವಾಟ್ ಆಗುತ್ತದೆ. ವೋಲ್ಟೇಜ್ ಎಂಟನೇ ಒಂದು ಭಾಗ ಕಡಿಮೆಯಾದರೆ ಬಿಸಿ ಕಾಲು ಭಾಗವೇ ಹೋಯಿತು. ಹುಡುಗರನ್ನು ಬೈದು ಫಲವಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಈಗ ಅನೇಕ ಅಡುಗೆಮನೆಗಳಿಗೆ ಇಂಡಕ್ಷನ್ ಒಲೆ ಬಂದಿದೆ. 3500 ವಾಟಿನದ್ದಾದರೆ ಅದೊಂದೇ ಸುಮಾರು 15 ಆಂಪಿಯರ್ ಎಳೆಯುತ್ತದೆ. ಹತ್ತಿರದಲ್ಲಿ ಬೇರೆ ಪಾಯಿಂಟ್ ಇಲ್ಲವೆಂದು ಗೀಸರಿನ ಲೈನಿಗೇ ಅದನ್ನೂ ಕೊಡುತ್ತಾರೆ. 13ಕ್ಕೆ 15 ಕೂಡಿಸಿದರೆ 28 ಆಯಿತು. ಗೋಡೆಯೊಳಗಿನದು ಎರಡೂವರೆ ಎಂಎಂ ವಯರ್, ಅದಕ್ಕೆ ಹಾಕಿದ್ದು 20ರ ಎಂಸಿಬಿ. ಎಂಸಿಬಿ ಒಮ್ಮೆ ಬೇಗ, ಒಮ್ಮೆ ತಡವಾಗಿ, ಅಂತೂ ಸರಿಯಾಗಿ ಗಿರಾಕಿ ತುಂಬಿದ ಹೊತ್ತಿಗೇ ಬೀಳುತ್ತದೆ. ವಯರ್‌ಮನ್‌ಗೆ ಫೋನು ಹೋಗುತ್ತದೆ. "ಸೇಠ್, 32ರದ್ದು ಹಾಕಿಬಿಡ್ತೇನೆ, ಇನ್ನು ಬೀಳೋದಿಲ್ಲ." ನಿಜ, ಬೀಳುವುದಿಲ್ಲ. 28 ಆಂಪಿಯರ್ ಹರಿಯುತ್ತಲೇ ಇರುತ್ತದೆ, ಗೋಡೆಯೊಳಗೆ ವಯರ್ ಕಾಯುತ್ತಲೇ ಇರುತ್ತದೆ. ಎಂಸಿಬಿ ಇರುವುದು ವಯರನ್ನು ಕಾಯುವುದಕ್ಕೆ. ಕಾವಲುಗಾರ ಬೊಬ್ಬೆ ಹಾಕುತ್ತಾನೆಂದು ಕಿವುಡನನ್ನು ತಂದು ನಿಲ್ಲಿಸಿದ ಹಾಗೆ ಇದು. ವಯರ್‌ಮನ್‌ನದೊಂದೇ ತಪ್ಪೆಂದೂ ನಾನು ಹೇಳುವುದಿಲ್ಲ. ಹೊಸ ಲೈನಿಗೆ ಖರ್ಚು ಹೇಳಿದಾಗ "ಸದ್ಯಕ್ಕೆ ಏನಾದರೂ ಮಾಡು" ಎನ್ನುವವರು ಮಾಲಕರೇ.

ನಮ್ಮಲ್ಲಿ ಬಹಳ ಹೋಟೆಲುಗಳು ಪಗಡಿಯ ಹಳೇ ಕಟ್ಟಡಗಳಲ್ಲಿವೆ. ಹತ್ತು ಸಲ ಜೋಡಿಸಿದ ವಯರು, ಎಣ್ಣೆ ಜಿಡ್ಡು, ಹಬೆ. ಇಲ್ಲಿ ಇನ್ನೊಂದು ಅಪಾಯವಿದೆ. ಸಡಿಲವಾದ ಒಂದು ಪ್ಲಗ್ಗಿನಲ್ಲಿ ರೋಧ ಬರೀ 0.1 ಓಮ್ ಇದೆ ಎನ್ನಿ. 10 ಆಂಪಿಯರ್ ಹರಿದರೆ ಅಲ್ಲಿ 1 ವೋಲ್ಟ್ ನಷ್ಟ, ಅಂದರೆ 10 ವಾಟ್ ಬಿಸಿ. 20 ಆಂಪಿಯರ್ ಹರಿದರೆ 2 ವೋಲ್ಟ್, ಅಂದರೆ 40 ವಾಟ್. ಕರೆಂಟು ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಕಾಯುವುದೂ ಸುಮಾರು ಇಷ್ಟೇ ವಾಟಿನಲ್ಲಿ. ಅಂಥದೊಂದು ಕಡ್ಡಿಯನ್ನು ಪ್ಲಗ್ಗಿನೊಳಗೆ ಬೆಳಗಿನಿಂದ ರಾತ್ರಿಯವರೆಗೆ ಇಟ್ಟರೆ ಏನಾದೀತು? ಲೈನಿನ ಕರೆಂಟು ಹೆಚ್ಚಾಗಿಲ್ಲವಾದ್ದರಿಂದ ಎಂಸಿಬಿಗೆ ಇದು ತಿಳಿಯುವುದೇ ಇಲ್ಲ. ಪ್ಲಗ್ ಕಂದಾಗಿದ್ದರೆ, ಸುಟ್ಟ ವಾಸನೆ ಬಂದರೆ ಟೇಪು ಸುತ್ತಬೇಡಿ, ಬದಲಿಸಿ.

ಗ್ರೈಂಡರ್, ಡೀಪ್ ಫ್ರೀಜರಿನಂಥ ಮೋಟಾರುಗಳಿಗೆ ಈ ನೇರ ಭಾಗಾಕಾರ ನಡೆಯುವುದಿಲ್ಲ. 1 ಎಚ್‌ಪಿ ಅಂದರೆ 746 ವಾಟ್ ಎಂದು 230ರಿಂದ ಭಾಗಿಸಿ ಸುಮಾರು ಮೂರೂಕಾಲು ಆಂಪಿಯರ್ ಎಂದುಕೊಂಡರೆ ಮೋಸ ಹೋಗುತ್ತೀರಿ. ಅದು ಮೋಟಾರು ಹೊರಗೆ ಕೊಡುವ ಶಕ್ತಿ, ಒಳಗೆ ಎಳೆಯುವುದು ಅದಕ್ಕಿಂತ ಹೆಚ್ಚು. ಚಾಲೂ ಮಾಡುವ ಕ್ಷಣದಲ್ಲಂತೂ ಹಲವು ಪಟ್ಟು. ಮೋಟಾರಿನ ಮೈಮೇಲಿನ ತಗಡಿನಲ್ಲಿ ಆಂಪಿಯರ್ ಎಷ್ಟೆಂದು ಬರೆದಿರುತ್ತದೆ, ಅದನ್ನೇ ಹಿಡಿಯಿರಿ. ವೋಲ್ಟೇಜ್ ಇಳಿದಾಗ ಗೀಸರ್ ಕಡಿಮೆ ಕರೆಂಟು ಎಳೆದರೆ, ತುಂಬಿದ ಗ್ರೈಂಡರ್ ಸಾಮಾನ್ಯವಾಗಿ ಹೆಚ್ಚು ಎಳೆದು ಕಾಯುತ್ತದೆ. ಲೋ ವೋಲ್ಟೇಜಿನಲ್ಲಿ ಹಿಟ್ಟು ರುಬ್ಬಿಸಿ ಮೋಟಾರ್ ಸುಟ್ಟಾಗ ಭಟ್ಟರ ಮೇಲೆ ರೇಗುವವರು ಇದನ್ನು ಗಮನಿಸಬೇಕು.

ಬೋರ್ಡಿಗೆ ನೀವೇ ಕೈ ಹಾಕಿ ಎಂದು ಇದರ ಅರ್ಥವಲ್ಲ. ಕೆಲಸ ಲೈಸೆನ್ಸ್ ಇದ್ದವನೇ ಮಾಡಲಿ. ಆದರೆ ಯಾವ ಲೈನಿನಲ್ಲಿ ಯಾವ ಮಿಶಿನು, ಎಷ್ಟು ಆಂಪಿಯರ್, ವಯರ್ ಯಾವುದು, ಎಂಸಿಬಿ ಎಷ್ಟರದ್ದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಹೊಸ ಮಿಶಿನ್ ತರುವ ಮೊದಲೇ ಕೂಡಿಸಿ ನೋಡಿ. ನಿಮ್ಮ ಮಂಜೂರಾದ ಲೋಡ್ ಸಾಲುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ನಮ್ಮ ಸಂಘ ಒಂದು ಟಾಂಗ್ ಟೆಸ್ಟರ್ ತೆಗೆದು ಕಚೇರಿಯಲ್ಲಿ ಇಟ್ಟು, ಸದಸ್ಯರ ವಯರ್‌ಮನ್‌ಗಳಿಗೆ ಸರದಿಯಲ್ಲಿ ಕೊಡಬೇಕೆಂಬುದು ನನ್ನ ಸೂಚನೆ. ವಯರ್ ಕತ್ತರಿಸದೆ, ಅದರ ಸುತ್ತ ಕೊಂಡಿ ಹಾಕಿದರೆ ಕರೆಂಟು ಎಷ್ಟೆಂದು ತೋರಿಸುತ್ತದೆ. ಒಂದೇ ವಯರಿಗೆ ಹಾಕಬೇಕು, ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಸೊನ್ನೆ ಬರುತ್ತದೆ. ಜತೆಗೆ ಮ್ಯಾನೇಜರರಿಗೆ ಅರ್ಧ ದಿನದ ಕನ್ನಡ ತರಗತಿಯೊಂದು ನಡೆಯಲಿ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ಬರುವವರು ತಮ್ಮ ಅಡುಗೆಮನೆಯ ಒಂದೇ ಒಂದು ಲೈನಿನ ಲೆಕ್ಕ ಬರೆದು ತಂದರೆ ಚರ್ಚೆಗೆ ಅನುಕೂಲ.