ಮಣ್ಣು ಊರಲ್ಲಿ, ದಾಖಲೆ ಪುಣೆಯಲ್ಲಿ

ಮಹಾರಾಷ್ಟ್ರದ ತಹಶೀಲ್ದಾರ್ ಕಚೇರಿಗಳಲ್ಲಿ 2023ರಿಂದ ಮುತ್ತಜ್ಜಂದಿರ ಹುಡುಕಾಟ ನಡೆದಿದೆ. ಮರಾಠಾ ಮೀಸಲಾತಿ ಹೋರಾಟದ ಬಿಸಿಗೆ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಸಂದೀಪ್ ಶಿಂದೆ ಸಮಿತಿ ನೇಮಿಸಿತು. ಹಳೆಯ ಕಡತಗಳಲ್ಲಿ ‘ಕುಣಬಿ’ ಎಂಬ ನಮೂದು ಹುಡುಕುವುದು ಅದರ ಕೆಲಸ. ಹೀಗೆ ಜಾಲಾಡಿದ ಕಡತಗಳಲ್ಲಿ ‘ಕೋತ್ವಾಲ್ ಬುಕ್’ ಕೂಡ ಒಂದು. ಊರಲ್ಲಿ ಹುಟ್ಟಿದವರು, ಸತ್ತವರು, ಅವರ ಜಾತಿ, ಎಲ್ಲವೂ ಅದರಲ್ಲಿ. ಹಲವೆಡೆ ಮೋಡಿ ಲಿಪಿಯಲ್ಲಿ. ಮೋಡಿ ಓದಬಲ್ಲವರಿಗೆ ಈಗ ಎಲ್ಲಿಲ್ಲದ ಬೇಡಿಕೆ!

ಸ್ಕಾಟ್ಲೆಂಡಿನಲ್ಲೂ ಜನ ಹೀಗೆಯೇ ಹಿರಿಯರನ್ನು ಹುಡುಕುತ್ತಾರೆ. ಅಲ್ಲಿ ಸರ್ಕಾರಿ ನೋಂದಣಿ ಕಡ್ಡಾಯವಾದದ್ದು 1855ರಲ್ಲಿ. ಅದಕ್ಕೂ ಹಿಂದಿನ ಸಾವುಗಳಿಗೆ ಚರ್ಚಿನ ಪುಸ್ತಕವೇ ಗತಿ. ಅದರಲ್ಲೂ ಎಷ್ಟೋ ಕಡೆ ಸಿಗುವುದು ಶವದ ಮೇಲೆ ಹೊದಿಸುವ ಬಟ್ಟೆಗೆ ಪಡೆದ ಬಾಡಿಗೆಯ ಲೆಕ್ಕ ಮಾತ್ರ. ದುಡ್ಡಿನ ಲೆಕ್ಕ ಬರೆದಿಟ್ಟದ್ದರಿಂದ ಹೆಸರು ಉಳಿಯಿತು.

ನಮ್ಮ ಕಥೆ ಬೇರೆ. ಪುಣೆಯಲ್ಲಿ ಕನ್ನಡಿಗರ ಮನೆಯಲ್ಲಿ ಸಾವಾದರೆ ಆಂಬುಲೆನ್ಸ್ ಅದೇ ರಾತ್ರಿ ಸೊಲ್ಲಾಪುರ ದಾಟಿ ಇಂಡಿ ಕಡೆಗೆ ಓಡುತ್ತದೆ. ಲಿಂಗಾಯತರಾದರೆ ಸ್ವಂತ ಹೊಲದಲ್ಲೇ ಸಮಾಧಿ. ಆದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ, ಸಾವು ಎಲ್ಲಿ ಸಂಭವಿಸಿತೋ ಅಲ್ಲೇ ನೋಂದಣಿ. ಮಣ್ಣಾದ ಊರಿನ ಗ್ರಾಮ ಪಂಚಾಯಿತಿಯಲ್ಲಿ ಎಷ್ಟು ತಡಕಿದರೂ ಮರಣ ಪ್ರಮಾಣಪತ್ರ ಸಿಗದು. ಪುಣೆಯಲ್ಲಾದರೂ ಒಂದೇ ಕಚೇರಿಯಲ್ಲ: ಪುಣೆ ಪಾಲಿಕೆ, ಪಿಂಪ್ರಿ-ಚಿಂಚವಡ ಪಾಲಿಕೆ, ಖಡ್ಕಿ ಮತ್ತು ಪುಣೆ ದಂಡುಪ್ರದೇಶ, ಇವೆಲ್ಲ ಬೇರೆ ಬೇರೆ.

ಇದು ಬರೀ ವಂಶಾವಳಿಯ ಹವ್ಯಾಸವಲ್ಲ. ಜಾತಿ ಪ್ರಮಾಣಪತ್ರಕ್ಕೆ ಮಹಾರಾಷ್ಟ್ರ ಪರಿಶಿಷ್ಟರಿಂದ 1950ರ, ಹಿಂದುಳಿದ ವರ್ಗದವರಿಂದ 1967ರ ಮುಂಚಿನ ವಾಸ್ತವ್ಯದ ಪುರಾವೆ ಕೇಳುತ್ತದೆ. ಅಜ್ಜನ ಕಾಲದಲ್ಲೇ ಕಲ್ಲು ಒಡೆಯಲು, ರಸ್ತೆ ಹಾಕಲು ಬಂದ ನಮ್ಮ ಕಡೆಯ ಮನೆತನಗಳಿಗೆ ಹೊಲವಿಲ್ಲ, ಪಹಣಿಯಿಲ್ಲ. ಅಂಥವರಿಗೆ ಅಜ್ಜನ ಸಾವಿನ ಒಂದು ಸಾಲು ದೊಡ್ಡ ಆಧಾರ. ಹೆಳವರು ಊರೂರು ತಿರುಗಿ ಮನೆತನದ ತಲೆಮಾರುಗಳನ್ನು ತಮ್ಮ ಪುಸ್ತಕದಲ್ಲಿ ಬರೆದಿಡುತ್ತಾರೆ, ನಿಜ. ಅವರನ್ನು ಭಿಕ್ಷುಕರಂತೆ ಕಂಡದ್ದು ನಮ್ಮ ಅವಿವೇಕ. ಆದರೆ ಅವರ ಪುಸ್ತಕ ಪುಣೆಯ ಕಚೇರಿಯ ಕೌಂಟರಿನಲ್ಲಿ ನಡೆಯುವ ಭರವಸೆ ನನಗಿಲ್ಲ.

ಹಾಗಾಗಿ ಮನೆಯಲ್ಲಿ ಸಾವಾದಾಗ, ದುಃಖದ ನಡುವೆಯೂ, 21 ದಿನಗಳೊಳಗೆ ಇಲ್ಲೇ ನೋಂದಾಯಿಸಿ. ಅರ್ಜಿಯಲ್ಲಿ ಕಾಯಂ ವಿಳಾಸದ ಕಾಲಂ ಇದೆ. ಅಲ್ಲಿ ಪುಣೆಯ ಫ್ಲ್ಯಾಟ್ ನಂಬರ್ ಬೇಡ, ಹಳ್ಳಿ, ತಾಲೂಕು, ಜಿಲ್ಲೆ ಬರೆಯಿರಿ. ಅಡ್ಡಹೆಸರು ಊರಿನ ಪಹಣಿಯಲ್ಲಿ ಹೇಗಿದೆಯೋ ಹಾಗೇ ಇರಲಿ. ಮರಾಠಿ ಗುಮಾಸ್ತ ‘ಬಿರಾದಾರ’ವನ್ನು ‘ಬಿರಾಜದಾರ’ ಮಾಡಿದ್ದರೆ ಅಲ್ಲಿಯೇ ನಿಂತು ತಿದ್ದಿಸಿ.