ಹುಡುಕಿದ್ದಕ್ಕೂ ಕೂಲಿ ಕೊಡೋಣ

‘ಎಂತದೂ ಹಾಕಲೇ ಇಲ್ಲವಲ್ಲ ಮಾರಾಯಾ, ದುಡ್ಡು ಯಾವುದಕ್ಕೆ?’ ಯಲ್ಲಾಪುರದ ಯಾವ ಗ್ಯಾರೇಜಿನ ಮುಂದೆ ಅರ್ಧ ತಾಸು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೊಸ ಬ್ಯಾಟರಿಗೆ ಸಾವಿರಗಟ್ಟಲೆ ಎಣಿಸಿಕೊಡುವ ನಾವು, ದೋಷ ಎಲ್ಲಿದೆಯೆಂದು ರಾಡಿಯಲ್ಲಿ ಮಲಗಿ ಹುಡುಕಿದವನಿಗೆ ಇನ್ನೂರು ಕೊಡಲು ಚೌಕಾಸಿ ಮಾಡುತ್ತೇವೆ. ಹಾಗಿದ್ದ ಮೇಲೆ ಮೆಕ್ಯಾನಿಕ್ ಯಾಕೆ ಹುಡುಕಬೇಕು? ಪಾರ್ಟು ಬದಲಿಸಿದರೆ ನಾಲ್ಕು ಕಾಸಾದರೂ ಹುಟ್ಟುತ್ತದೆ.

ನನ್ನಂಥ ಅಡಿಕೆ ಬೆಳೆಗಾರರಿಗೆ ಫೋರ್‌ವೀಲ್ ಜೀಪು ಶೋಕಿಯ ವಸ್ತುವಲ್ಲ. 2021ರ ಜುಲೈಯಲ್ಲಿ ಕಳಚೆಯಲ್ಲಿ ಗುಡ್ಡ ಕುಸಿದು ರಸ್ತೆ, ತೋಟ ಹಾಳಾದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಕೊಳೆರೋಗದ ಮೈಲುತುತ್ತ, ಸುಣ್ಣ, ಹುಷಾರಿಲ್ಲದ ಹಿರಿಯರು ಎಲ್ಲ ಇದರಲ್ಲೇ ಸಾಗಬೇಕು. ಅದೇ ಮಳೆ ಜೀಪನ್ನೂ ತಿನ್ನುತ್ತದೆ. ಹಳ್ಳ ದಾಟುವಾಗ ಹೌಸಿಂಗಿಗೆ ನೀರು ನುಗ್ಗಿ ಗೇರ್ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಬ್ಯಾಟರಿ ಟರ್ಮಿನಲ್ಲಿಗೆ ಕಿಲುಬು ಹತ್ತುತ್ತದೆ. ಬೆಚ್ಚಗಿನ ಜಾಗ ಅರಸಿ ಬಂದ ಇಲಿ ವೈರು ಕಡಿಯುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮೂರಿನವರೊಬ್ಬರ ಜೀಪು ಸೆಲ್ಫ್ ಹೊಡೆಯದೆ ಕೂತಿತು. ಬ್ಯಾಟರಿ ಹೊಸದಾಯಿತು, ಸೆಲ್ಫ್ ಮೋಟಾರನ್ನೂ ಬಿಚ್ಚಿದ್ದಾಯಿತು. ಕಡೆಗೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಬಂದು, ಕೀ ತಿರುಗಿಸಲು ಹೇಳಿ, ಆಕ್ಸಿಲರೇಟರ್ ಕೇಬಲ್ ಮೇಲೆ ಬೆರಳಿಟ್ಟರು. ಕೇಬಲ್ ಸುಡುತ್ತಿತ್ತು! ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯ ಬುಡಕ್ಕೆ ತುಕ್ಕು ಹಿಡಿದಿದ್ದರಿಂದ, ಸೆಲ್ಫಿನ ಕರೆಂಟು ಬೇರೆ ದಾರಿಯಿಲ್ಲದೆ ಆ ಸಪೂರ ಕೇಬಲ್ಲಿಗೆ ನುಗ್ಗುತ್ತಿತ್ತು. ತುಕ್ಕು ತಿಕ್ಕಿ ತೆಗೆದು ಬೋಲ್ಟು ಬಿಗಿದದ್ದೇ ತಡ, ಜೀಪು ಎದ್ದಿತು. ದುಡ್ಡು ಕೊಡುವಾಗ ಯಜಮಾನರ ಬಾಯಿಂದ ಬಂದದ್ದು ಮಾತ್ರ ಅದೇ ಹಳೆಯ ಪ್ರಶ್ನೆ.

ಫೋರ್‌ವೀಲ್ ಎಳೆಯುತ್ತಿಲ್ಲ ಎಂದಾಗಲೂ ಹಾಗೇ. ಲಾಕಿಂಗ್ ಹಬ್ ಇರುವ ಜೀಪಾದರೆ ಗೇರ್‌ಬಾಕ್ಸ್ ಇಳಿಸುವ ಮೊದಲು ನೋಡಬೇಕಾದ್ದು ಅದನ್ನು. ಒಂದು ಬದಿಯ ಹಬ್ ಲಾಕ್ ಆಗದಿದ್ದರೂ ಡಿಫರೆನ್ಷಿಯಲ್ ಬರೇ ಆ ಸಡಿಲ ಬದಿಯನ್ನೇ ತಿರುಗಿಸುತ್ತದೆ. ಎದುರಿನ ಎರಡೂ ಗಾಲಿ ಎಳೆಯುವುದಿಲ್ಲ. ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಓಡಿಸಿ ಲಿವರ್ ಬಿಗಿದುಕೊಂಡರೆ, ತುಸು ರಿವರ್ಸ್ ಹೋದರೆ ಸಾಮಾನ್ಯವಾಗಿ ಬಿಡುತ್ತದೆ. ಹೊರಡುವಾಗ ಅಡಿಯಲ್ಲಿ ‘ಟಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲುಗಿಸಲಿ. ಯೂಜೆ ಕ್ರಾಸ್ ಸವೆದದ್ದು ಕೈಗೇ ತಿಳಿಯುತ್ತದೆ. ಇದನ್ನೆಲ್ಲ ಪತ್ತೆಹಚ್ಚಲು ಬಲ್ಲವನ ಅರ್ಧ ತಾಸು ಸಾಕು.

ಹೊಸ ಗಾಡಿಗೆ ಸ್ಕ್ಯಾನರ್ ಚುಚ್ಚಿದ್ದಕ್ಕೆ ಬಿಲ್ ಬಂದರೆ ತುಟಿ ಪಿಟಕ್ಕೆನ್ನದೆ ಕೊಡುತ್ತೇವೆ. ಆ ಸ್ಕ್ಯಾನರ್ ಯಾವ ಸೆನ್ಸರಿನ ಕಡೆ ತೊಂದರೆಯಿದೆ ಎಂದಷ್ಟೇ ಹೇಳೀತು. ಸೆನ್ಸರೇ ಹೋಗಿದೆಯೋ, ಇಲಿ ವೈರು ಕಡಿದಿದೆಯೋ ಎಂದು ಮೀಟರ್ ಹಿಡಿದು ನೋಡಬೇಕಾದವನು ಮನುಷ್ಯನೇ.

ಹುಡುಕುತ್ತೇನೆಂದು ದಿನವಿಡೀ ಎಳೆದರೆ ಏನು ಗತಿ ಎಂದು ಕೇಳುವವರಿದ್ದಾರೆ. ಮೊದಲೇ ಮಾತಾಡಿಕೊಳ್ಳೋಣ. ದೋಷ ಹುಡುಕಲು ಇಷ್ಟು, ಸಿಗದಿದ್ದರೆ ಅರ್ಧ; ಬಿಲ್ಲಿನ ಮೊದಲ ಸಾಲೇ ಅದಾಗಲಿ. ಪ್ರತಿಯಾಗಿ ನಾವೂ ಲೆಕ್ಕ ಕೇಳೋಣ. ಬ್ಯಾಟರಿ ಹೋಗಿದೆ ಎನ್ನುವವನು ಮೀಟರ್ ಹಚ್ಚಿ ತೋರಿಸಲಿ: 12.6 ವೋಲ್ಟ್ ಇದ್ದದ್ದು ಸೆಲ್ಫ್ ಹೊಡೆದಾಗಲೂ 10ರ ಮೇಲೇ ನಿಂತರೆ ದೋಷವನ್ನು ಬೇರೆ ಕಡೆ ಹುಡುಕಬೇಕು. ತೆಗೆದ ಪಾರ್ಟನ್ನೂ ನಮ್ಮ ಕೈಗೆ ಕೊಡಲಿ.

ಹುಡುಕುವ ವಿದ್ಯೆಗೆ ಬೆಲೆಯಿಲ್ಲವೆಂದು ಕಂಡರೆ ಗ್ಯಾರೇಜಿಗೆ ಸೇರುವ ಹುಡುಗರು ಬದಲಿಸುವುದನ್ನಷ್ಟೇ ಕಲಿಯುತ್ತಾರೆ. ಅದರ ಬಿಲ್ ಕಟ್ಟಬೇಕಾದವರು ನಾವೇ.