ಅಗಲ ಟೈರು ಮಣ್ಣಿಗೋ, ಲೋಡಿಗೋ?

ನಮ್ಮ ಚಿಕ್ಕಬಳ್ಳಾಪುರದ ಕಡೆ ಹಳೆ ಜೀಪಿಗೆ ಇನ್ನೂ ಬೆಲೆ ಇದೆ. ಹಿಂಭಾಗ ಕತ್ತರಿಸಿ ತೊಟ್ಟಿ ಕೂರಿಸಿದರೆ ಅದೇ ಸಣ್ಣ ಲಾರಿ. ಶಿಡ್ಲಘಟ್ಟಕ್ಕೆ ಗೂಡು, ಚಿಂತಾಮಣಿಗೆ ಟೊಮೆಟೊ, ವಾಪಸ್ ಬರ್ತಾ ಗೊಬ್ಬರದ ಮೂಟೆ. ಇಂಥ ಗಾಡಿ ಇಟ್ಟವರೆಲ್ಲ ಹಿಂದಕ್ಕೆ ಅಗಲ ಟೈರು ಹಾಕಿಸೋ ಆಸೆಯಲ್ಲಿದ್ದಾರೆ. 'ಯಜಮಾನ್ರೇ, ಅಗಲ ಟೈರು, ಹೊಲದ ಒಳಕ್ಕೇ ತರ್ತೀನಿ, ಮಣ್ಣು ತುಳಿಯಲ್ಲ' ಅಂತಾರೆ. ಈ ಮಾತು ಅರ್ಧ ನಿಜ. ಉಳಿದ ಅರ್ಧದಿಂದಲೇ ನಮ್ಮ ಹೊಲ ಕೆಡೋದು.

ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದರು. ಆ ಜಾತಿ ಜೀಪಿಗೆ ಬರ್ತಿದ್ದದ್ದು 6.00-16 ಟೈರು. ಅದರ ಜಾಗಕ್ಕೆ 7.50-16 ತಂದರೆ ಅಗಲ ಒಂದೂವರೆ ಇಂಚು ಜಾಸ್ತಿ, ಎತ್ತರ ಹತ್ತತ್ತಿರ 3 ಇಂಚು ಜಾಸ್ತಿ. ಒಳಮಗ್ಗುಲಲ್ಲಿ ಬ್ಲೇಡ್ ಕಟ್ಟಿಗೆ ತಾಗುತ್ತೆ, ಮೇಲೆ ಮಡ್‌ಗಾರ್ಡಿಗೆ ಉಜ್ಜುತ್ತೆ. ಸಮ ನೆಲದಲ್ಲಿ ಗೊತ್ತಾಗಲ್ಲ. ಒಂದು ಚಕ್ರ ಗುಂಡಿಗೆ ಇಳಿದು ಅಚ್ಚು ಓರೆಯಾದಾಗ ಇನ್ನೊಂದು ಚಕ್ರ ಮೇಲಕ್ಕೆ ಬಂದು ಕಚ್ಚುತ್ತೆ.

ಇದಕ್ಕೆ ಗ್ಯಾರೇಜಿನವರ ಹತ್ರ ಎರಡು ಉಪಾಯ. ಒಂದು, ರಿಮ್ಮಿಗೂ ಹಬ್ಬಿಗೂ ನಡುವೆ ದಪ್ಪ ಬಿಲ್ಲೆ ಕೊಟ್ಟು ಚಕ್ರವನ್ನು ಆಚೆ ತಳ್ಳೋದು. ಏತದ ಮರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಭಾರ ಆಚೆ ಹೋದಷ್ಟೂ ಬೇರಿಂಗು, ಬೋಲ್ಟುಗಳ ಮೇಲೆ ಮೀಟು ಜಾಸ್ತಿ. ಇನ್ನೊಂದು, ಅಚ್ಚಿನ ಕೆಳಗಿರೋ ಬ್ಲೇಡ್ ಕಟ್ಟನ್ನು ತೆಗೆದು ಅಚ್ಚಿನ ಮೇಲೆ ಕೂರಿಸೋದು. ಗಾಡಿ ಎತ್ತರ ಆಗುತ್ತೆ, ಟೈರಿಗೆ ಜಾಗ ಸಿಗುತ್ತೆ. ಜೊತೆಗೆ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ, ತಿರುವಿನಲ್ಲಿ ಗಾಡಿ ವಾಲುತ್ತೆ. ನಂದಿ ಸುತ್ತಿನ ತಿರುವುಗಳಲ್ಲಿ ಲೋಡು ಹಾಕಿಕೊಂಡು ಇಳಿಯೋರು ಇದನ್ನು ಯೋಚಿಸಬೇಕು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀತಿರಲಿಲ್ಲ. 'ಹೇಗೂ ಬಿಚ್ಚಿದ್ದೀವಲ್ಲ' ಅಂತ ಎರಡು ಬ್ಲೇಡು ಹೆಚ್ಚಿಗೆ ಸೇರಿಸ್ತಾರೆ ನೋಡಿ, ಅಲ್ಲಿಂದ ಲೆಕ್ಕವೇ ಬೇರೆ. ಮಣ್ಣಿಗೆ ಅಂತ ಹೊರಟ ಕೆಲಸ ಲೋಡಿಗೆ ಆಗುತ್ತೆ. ಬ್ಲೇಡು ಗಟ್ಟಿಯಾಯ್ತು ಸರಿ, ಅಚ್ಚು ಹಳೇದೇ, ಬ್ರೇಕು ಹಳೇದೇ. ಟೈರು ದೊಡ್ಡದಾದ್ದರಿಂದ ಆ ಬ್ರೇಕಿನ ಹಿಡಿತ ಇನ್ನೂ ಕಡಿಮೆಯೇ.

ಈಗ ಮಣ್ಣಿನ ಲೆಕ್ಕ. ಟೈರು ನೆಲವನ್ನು ಒತ್ತೋದು ಹೆಚ್ಚೂಕಮ್ಮಿ ಒಳಗಿನ ಗಾಳಿ ಎಷ್ಟಿದೆಯೋ ಅಷ್ಟೇ. ಒಂದು ಚಕ್ರದ ಮೇಲೆ 600 ಕಿಲೋ ಇದ್ದು ಗಾಳಿ 40 ಪೌಂಡು ಇದ್ದರೆ ನೆಲ ಮುಟ್ಟೋದು ಸುಮಾರು 33 ಚದರ ಇಂಚು. ಗಾಳಿ 20 ಪೌಂಡಿಗೆ ಇಳಿಸಿದರೆ 66 ಇಂಚು, ಒತ್ತಡ ಅರ್ಧ. ಅಗಲ ಟೈರಿನ ಉಪಯೋಗ ಇಷ್ಟೇ: ಅದೇ ಭಾರವನ್ನು ಕಡಿಮೆ ಗಾಳಿಯಲ್ಲಿ ಹೊರುತ್ತೆ. ಭಾರವನ್ನೂ ಏರಿಸಿ ಗಾಳಿಯನ್ನೂ ಬಿಗಿಯಾಗಿ ತುಂಬಿದರೆ ಹಳೆ ಟೈರಿಗೂ ಇದಕ್ಕೂ ಏನು ವ್ಯತ್ಯಾಸ? ವ್ಯತ್ಯಾಸ ಇದ್ದರೆ ಕೆಟ್ಟದ್ದೇ. ಮೇಲಿನ ನಾಕಿಂಚು ಮಣ್ಣು ಗಾಳಿಯ ಮಾತು ಕೇಳುತ್ತೆ, ಅದರ ಕೆಳಗಿನದು ಒಟ್ಟು ಭಾರದ ಮಾತು ಕೇಳುತ್ತೆ. ಕೆಳಗೆ ಕಟ್ಟಿದ ಗಟ್ಟಿ ಪದರ ನಮ್ಮ ಎತ್ತಿನ ನೇಗಿಲಿಗೆ ಸಿಗಲ್ಲ. ಕೆಂಪು ಮಣ್ಣಿನಲ್ಲಿ ತೊಗರಿ ಕಿತ್ತು ನೋಡಿ, ತಾಯಿಬೇರು ನೆಟ್ಟಗೆ ಇಳಿಯದೆ ಅಡ್ಡಕ್ಕೆ ತಿರುಗಿದ್ದರೆ ಅಲ್ಲಿ ಯಾವುದೋ ಚಕ್ರ ಓಡಾಡಿದೆಯಾ ಅಂತ ಮೊದಲು ವಿಚಾರಿಸಿ. ನೀರಾವರಿಯವರಿಗೆ ಇದು ಅಷ್ಟು ತಟ್ಟಲ್ಲ, ನಾಳೆ ನೀರು ಬಿಡ್ತಾರೆ. ನಮಗೆ ಬೀಳೋ ನಾಕು ಹದಮಳೆ ಒಳಕ್ಕೆ ಇಳಿಯದೆ ಹರಿದು ಹೋದರೆ ರಾಗಿ ಯಾವುದರ ಮೇಲೆ ನಿಲ್ಲಬೇಕು?

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಬಂತು. ಸಿಕ್ಕಿಬಿದ್ದಾಗ ಗ್ಯಾರೇಜಿನವನು ನಮ್ಮ ಪಕ್ಕ ನಿಂತಿರಲ್ಲ.

ಬಾಡಿಗೆ ಗಾಡಿಯವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಡೀಸೆಲ್ ಬೆಲೆಯಲ್ಲಿ ಎರಡು ಟ್ರಿಪ್ಪಿನ ಸರಕನ್ನು ಒಂದರಲ್ಲೇ ಮುಗಿಸಬೇಕು ಅಂತ ಅವರಿಗೂ ಅನಿಸುತ್ತೆ. ಟ್ರಿಪ್ಪಿಗೆ ಇಷ್ಟು ಅಂತ ಮಾತಾಡಿ ತುಂಬಿಸಿ ಕಳಿಸೋರು ನಾವೇ ತಾನೆ? ಮೂಟೆಗೆ, ಕ್ರೇಟಿಗೆ ಇಷ್ಟು ಅಂತ ಮಾತಾಡಿದರೆ ಒಂದೇ ಸಲಕ್ಕೆ ತುಂಬೋ ಹಟ ಎರಡೂ ಕಡೆ ಕಡಿಮೆಯಾಗುತ್ತೆ.

ನನ್ನ ಹೊಲದಲ್ಲಿ ಬದುವಿನ ಪಕ್ಕ ಗಾಡಿ ಅಗಲದ ದಾರಿ ಬಿಟ್ಟಿದ್ದೇನೆ. ಗೊಬ್ಬರ ಹೊಡೆಯೋರು, ಕೆರೆಗೋಡು ಹೊಡೆಯೋರು ಯಾರೇ ಬರಲಿ, ಟೈರು ಎಷ್ಟೇ ಅಗಲ ಇರಲಿ, ಅಲ್ಲೇ ಸುರಿದು ಹೋಗಬೇಕು. ಅಲ್ಲಿಂದ ಒಳಕ್ಕೆ ಎತ್ತಿನ ಗಾಡಿ, ಇಲ್ಲವೇ ತಲೆಹೊರೆ. ಎರಡು ಆಳಿನ ಕೂಲಿ ಹೆಚ್ಚಿಗೆ ಬೀಳುತ್ತೆ. ಮಳೆ ಬಿದ್ದ ಮೂರು ದಿನ ಆ ದಾರಿಗೂ ಯಾರನ್ನೂ ಬಿಡಲ್ಲ.